ಕೊಳಕುಮಂಡಲದಲ್ಲಿ ಕೊಳಕು ಯಾವುದು?

ಹಿರಿಯೂರು ಕಡೆಯ ಶೇಂಗಾ ಹೊಲದಲ್ಲಿ, ಹೊಸದುರ್ಗ, ಹೊಳಲ್ಕೆರೆಯ ತೆಂಗು–ಅಡಿಕೆ ತೋಟಗಳಲ್ಲಿ ಜನ ಹೆದರಿಕೊಂಡೇ ಆಡುವ ಹೆಸರು ಕೊಳಕುಮಂಡಲ. ಇಲಿ ಇದ್ದಲ್ಲಿ ಈ ಹಾವೂ ಉಂಟು. ತರಗೆಲೆಯ ಬಣ್ಣದ ಮೈ, ಅದರ ಮೇಲೆ ಮೂರು ಸಾಲು ಕಪ್ಪಂಚಿನ ಮಚ್ಚೆ. ಸುರುಳಿ ಸುತ್ತಿ ಬಿದ್ದಿದ್ದರೆ ಕಾಲಡಿಗೆ ಬರುವ ತನಕ ಕಾಣುವುದಿಲ್ಲ. ಕೆಣಕಿದರೆ ಕುಕ್ಕರ್ ಕೂಗಿದಂತೆ ಬುಸುಗುಡುತ್ತದೆ.

ಹೆಸರಿನ ಮಂಡಲ ಸಂಸ್ಕೃತದ್ದು. ಅರ್ಥ ದುಂಡು, ವೃತ್ತ. ಸುಶ್ರುತ ಸಂಹಿತೆಯ ಕಲ್ಪಸ್ಥಾನವು ಹೆಡೆಯ ಹಾವನ್ನು ದರ್ವೀಕರ, ಗೆರೆಯ ಹಾವನ್ನು ರಾಜಿಮಂತ, ದುಂಡು ಮಚ್ಚೆಯದನ್ನು ಮಂಡಲಿ ಎಂದು ವಿಂಗಡಿಸಿದೆ. ಇದೇ ಮಂಡಲ 48 ದಿನದ ವ್ರತವಾಯಿತು, ನಾಡಿನ ಭಾಗವಾಯಿತು, 1987ರಲ್ಲಿ ಚುನಾವಣೆ ಕಂಡ ಮಂಡಲ ಪಂಚಾಯಿತಿಯೂ ಆಯಿತು. ಚೋಳಮಂಡಲ ಪರಂಗಿಯವರ ಬಾಯಲ್ಲಿ ಕೋರಮಂಡಲವಾಯಿತು. ಪ್ಯಾಟ್ರಿಕ್ ರಸೆಲ್ 1796ರಲ್ಲಿ ಲಂಡನ್ನಿನಲ್ಲಿ ಅಚ್ಚು ಹಾಕಿಸಿದ್ದು ಆ ಕೋರಮಂಡಲ ತೀರದ ಹಾವುಗಳ ಪುಸ್ತಕವನ್ನೇ. ಅದರಲ್ಲಿ ನಮ್ಮ ಹಾವು ತೆಲುಗಿನ ‘ಕಾಟುಕ ರೇಕುಲ ಪೊಡ’ ಎಂಬ ಹೆಸರಿನಿಂದಿದೆ. ಮರುವರ್ಷ ವಿಜ್ಞಾನಿಗಳು ಅದಕ್ಕೆ ರಸೆಲ್ಲನ ಹೆಸರಿಟ್ಟರು. ಹೀಗೆ ಹಾವಿನ ವೈಜ್ಞಾನಿಕ ಹೆಸರಲ್ಲಿ ಇಲ್ಲದ ಮಂಡಲ ಪುಸ್ತಕದ ಹೆಸರಲ್ಲಿ ಉಳಿಯಿತು!

ಕೊಳಕು ಅಚ್ಚಗನ್ನಡ. ಈಗ ಗಲೀಜು ಎಂದಷ್ಟೇ ಕೇಳಿಸುತ್ತದೆ. ಬೇರು ಮಾತ್ರ ‘ಕೊಳೆ’. ಕೊಳೆಯುವುದು ಹಾವಲ್ಲ, ಕಡಿಸಿಕೊಂಡವರ ಮಾಂಸ. ಈ ವಿಷಕ್ಕೆ ರಕ್ತ ಹೆಪ್ಪುಗಟ್ಟುವ ಗುಣ ಕೆಡುತ್ತದೆ, ಮೂತ್ರಪಿಂಡ ಸೋಲುತ್ತದೆ. ಕಡಿದ ಜಾಗ ಊದಿ, ಬೊಬ್ಬೆಯೆದ್ದು ಕೊಳೆಯುತ್ತದೆ. ಮಂಡಲಿ ವಿಷದ ಲಕ್ಷಣಗಳಲ್ಲಿ ಸುಶ್ರುತನೂ ಬಾವು, ಗಾಯ ಕೊಳೆಯುವುದನ್ನು ಹೇಳಿದ್ದಾನೆ. ಅಂದರೆ ಮಂಡಲ ಕಣ್ಣು ಕಂಡದ್ದು, ಕೊಳಕು ಮೈ ಉಂಡದ್ದು.

ಕಲ್ಲುಸಂದಿಯ ಗರಗಸಮಂಡಲ ಇದರದೇ ಕುಲ. ಅದರ ಪಕ್ಕೆಯ ಹುರುಪೆಗಳಿಗೆ ಗರಗಸದ ಹಲ್ಲು. ಮೈಯ ಮಡಿಕೆಗಳನ್ನು ಒಂದಕ್ಕೊಂದು ಉಜ್ಜಿ ಸರಸರ ಸದ್ದು ಮಾಡಿ ಎಚ್ಚರಿಸುತ್ತದೆ. ಅಮೆರಿಕದ ರ‍್ಯಾಟಲ್‌ಸ್ನೇಕ್ ಇವುಗಳ ದೂರದ ನೆಂಟ. ಪೊರೆ ಬಿಟ್ಟಾಗಲೆಲ್ಲ ಅದರ ಬಾಲಕ್ಕೆ ಉಗುರಿನಂಥ ಗಟ್ಟಿ ಬಿಲ್ಲೆಯೊಂದು ಸೇರುತ್ತದೆ. ಆ ಗಿಲಕಿಯಿಂದಲೇ ಅದಕ್ಕೆ ಹೆಸರು. 1775ರಲ್ಲಿ ಬ್ರಿಟಿಷರ ಮೇಲೆ ತಿರುಗಿಬಿದ್ದ ಅಲ್ಲಿನವರು ಹಳದಿ ಬಾವುಟದ ಮೇಲೆ ಅದನ್ನು ಬರೆಸಿ, ನನ್ನನ್ನು ತುಳಿಯಬೇಡ ಎಂದು ಸಾರಿದರು. ಕಡಿಯುವ ಮೊದಲು ಎಚ್ಚರಿಸುವ ಗುಣ ಆ ಬಾವುಟಕ್ಕೆ ಒಪ್ಪಿತು.

ಅವರ ಹಾವಿನ ಹೆಸರು ಕಡಿತಕ್ಕೆ ಮುಂಚಿನದು, ನಮ್ಮದು ಕಡಿತದ ನಂತರದ್ದು. ನಮ್ಮ ಹೆಸರಲ್ಲಿ ರೋಗಲಕ್ಷಣ ಇದೆ, ಮುನ್ನೆಚ್ಚರಿಕೆ ಇಲ್ಲ. ನಾಗರ, ಕಟ್ಟುಹಾವು, ಎರಡೂ ಮಂಡಲ – ಈ ನಾಲ್ಕಕ್ಕೂ ಒಂದೇ ಪ್ರತಿವಿಷ ಆಸ್ಪತ್ರೆಯಲ್ಲಿ ಸಿಗುತ್ತದೆ. ಕಡಿದರೆ ಆ ಜಾಗವನ್ನು ಕುಯ್ಯದೆ, ಬಿಗಿಯಾಗಿ ಕಟ್ಟದೆ, 108ಕ್ಕೆ ಕರೆ ಮಾಡಿ ಹೊರಡಬೇಕು. ಹೆಸರಿನ ಮೊದಲರ್ಧ ನಿಜವಾಗುವುದನ್ನು ಕಾಯುತ್ತ ಕೂರಬಾರದು.