ಅಂಗಡಿಯ ಚಿಲ್ಲರೆ ಕಳವು ಮತ್ತು ಮಕ್ಕಳು: ದೂರು ಎಲ್ಲಿ ನಿಲ್ಲಬೇಕು?

2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ ಕಲಂ 303(2)ಕ್ಕೆ ಹಳೆಯ ದಂಡ ಸಂಹಿತೆಯಲ್ಲಿ ಇಲ್ಲದಿದ್ದ ಒಂದು ಪರಂತುಕ ಸೇರಿದೆ. ಕದ್ದ ಸ್ವತ್ತಿನ ಬೆಲೆ 5,000 ರೂಪಾಯಿಗಿಂತ ಕಡಿಮೆಯಿದ್ದು, ಅಪರಾಧ ರುಜುವಾತಾದದ್ದು ಮೊದಲ ಸಲವಾಗಿದ್ದು, ಸ್ವತ್ತನ್ನೋ ಅದರ ಬೆಲೆಯನ್ನೋ ಹಿಂದಿರುಗಿಸಿದರೆ ಶಿಕ್ಷೆ ಸಮುದಾಯ ಸೇವೆ ಮಾತ್ರ. ಇದು ವಯಸ್ಕರಿಗೆ ಸಂದ ರಿಯಾಯಿತಿ. ಹತ್ತು ರೂಪಾಯಿಯ ಚಾಕೊಲೇಟನ್ನು ಜೇಬಿಗೆ ಹಾಕಿಕೊಂಡು ಬಾಗಿಲಲ್ಲಿ ಸಿಕ್ಕಿಬಿದ್ದ ಹದಿಮೂರರ ಹುಡುಗನ ಪಾಡು ಇದಕ್ಕಿಂತ ಹಗುರವಾಗಿರಬೇಕು ಎಂದು ಯಾರಾದರೂ ಊಹಿಸುತ್ತಾರೆ. ಕಾನೂನಿನ ಮಾತಿನಲ್ಲಿ ಅದು ಹಗುರವೇ. ನಡೆಯುವ ರೀತಿಯಲ್ಲಿ ಹಾಗಲ್ಲ ಎಂಬುದು ಈ ಲೇಖನದ ವಾದ. ಮಗುವಿನ ಮೇಲೆ ಮೊಕದ್ದಮೆ ಹೂಡಬಾರದು ಎಂದು ಹೇಳಿ ಸುಮ್ಮನಾಗುವುದು ಸಾಲದು. ದೂರು ಯಾವ ಹಂತದಲ್ಲಿ, ಯಾರ ಮುಂದೆ, ಯಾವ ಬರಹದೊಂದಿಗೆ ಮುಗಿಯಬೇಕು ಎಂಬುದನ್ನೂ ಕಾನೂನೇ ಹೇಳಬೇಕು.

ಈಗಿರುವ ವ್ಯವಸ್ಥೆ ಹೀಗಿದೆ. ಏಳು ವರ್ಷದೊಳಗಿನ ಮಗು ಮಾಡಿದ್ದು ಯಾವುದೂ ಅಪರಾಧವಲ್ಲ. ಏಳರಿಂದ ಹನ್ನೆರಡರೊಳಗಿನ ಮಗುವಿಗೆ ತಾನು ಮಾಡಿದ್ದರ ಸ್ವರೂಪ, ಪರಿಣಾಮ ತಿಳಿಯುವಷ್ಟು ಬುದ್ಧಿ ಬಲಿತಿರಲಿಲ್ಲವೆಂದಾದರೆ ಅದೂ ಅಪರಾಧವಲ್ಲ. 1860ರ ದಂಡ ಸಂಹಿತೆಯ ಈ ಎರಡು ರಕ್ಷಣೆಗಳು ಹೊಸ ಸಂಹಿತೆಯ 20 ಮತ್ತು 21ನೆಯ ಕಲಂಗಳಾಗಿ ಉಳಿದಿವೆ. ಉಳಿದಂತೆ ಹದಿನೆಂಟು ತುಂಬದವರೆಲ್ಲರೂ 2015ರ ಬಾಲನ್ಯಾಯ ಕಾಯ್ದೆಯ ವ್ಯಾಪ್ತಿಗೆ ಬರುತ್ತಾರೆ. ಕಾಯ್ದೆಯ 2016ರ ಮಾದರಿ ನಿಯಮಗಳಲ್ಲಿ 8ನೆಯದು ಬಹಳ ಮುಖ್ಯ: ಘೋರ ಅಪರಾಧದ ಆರೋಪವಿದ್ದಾಗ ಅಥವಾ ವಯಸ್ಕರ ಜೊತೆಗೂಡಿ ಎಸಗಿದ ಆರೋಪವಿದ್ದಾಗ ಬಿಟ್ಟರೆ ಮಗುವಿನ ಮೇಲೆ ಎಫ್‌ಐಆರ್ ದಾಖಲಿಸುವಂತಿಲ್ಲ. ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ವಿಷಯವನ್ನು ಠಾಣೆಯ ದಿನಚರಿಯಲ್ಲಿ ಬರೆದು, ಸಾಮಾಜಿಕ ಹಿನ್ನೆಲೆಯ ವರದಿ ತಯಾರಿಸಿ ಬಾಲನ್ಯಾಯ ಮಂಡಳಿಗೆ ಕಳಿಸಬೇಕು. ಮಗುವನ್ನು ವಶಕ್ಕೆ ಪಡೆದರೆ 24 ಗಂಟೆಯೊಳಗೆ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಲಾಕಪ್ಪಿಗೆ ಹಾಕುವಂತಿಲ್ಲ, ಕೋಳ ತೊಡಿಸುವಂತಿಲ್ಲ. ಒಬ್ಬ ಮ್ಯಾಜಿಸ್ಟ್ರೇಟರೂ ಇಬ್ಬರು ಸಮಾಜ ಕಾರ್ಯಕರ್ತರೂ ಇರುವ ಮಂಡಳಿ, ಬುದ್ಧಿಮಾತು ಹೇಳಿ ಮನೆಗೆ ಕಳಿಸುವುದರಿಂದ ಹಿಡಿದು ಮೂರು ವರ್ಷದವರೆಗೆ ವಿಶೇಷ ಗೃಹದಲ್ಲಿ ಇರಿಸುವವರೆಗೆ ಆದೇಶ ಕೊಡಬಹುದು.

ಒಂದೂವರೆ ಶತಮಾನದ ದಾರಿ ಸವೆಸಿ ನಾವು ಇಲ್ಲಿಗೆ ಬಂದಿದ್ದೇವೆ. 1850ರ ಕಾಯ್ದೆ ಚಿಲ್ಲರೆ ಅಪರಾಧ ಮಾಡಿದ ಮಕ್ಕಳನ್ನು ಕಸುಬಿನವರ ಬಳಿ ಕರಾರಿನ ಮೇಲೆ ಬಿಡುತ್ತಿತ್ತು. 1864ರ ಕಾಯ್ದೆ ಅವರಿಗೆ ಛಡಿ ಏಟು ಕೊಡಿಸುತ್ತಿತ್ತು. ಮದ್ರಾಸ್ ಪ್ರಾಂತ 1920ರಲ್ಲೇ ಮಕ್ಕಳಿಗೆಂದು ಬೇರೆ ಕಾಯ್ದೆ ಮಾಡಿದರೂ ದೇಶಕ್ಕೆಲ್ಲ ಒಂದೇ ಕಾನೂನು ಬರಲು 1986ರವರೆಗೆ ಕಾಯಬೇಕಾಯಿತು.

ಸಾಮಾಜಿಕ ಹಿನ್ನೆಲೆಯ ವರದಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಅದು ನಿಯಮಗಳ ನಮೂನೆ 1. ಮಗುವಿನ ಹೆಸರು, ವಯಸ್ಸು, ಓದು ಇರುವುದು ಸರಿ. ಮುಂದಕ್ಕೆ ಮನೆಯಲ್ಲಿ ಯಾರು ಯಾರಿದ್ದಾರೆ, ಅವರ ಆದಾಯವೆಷ್ಟು, ಕುಟುಂಬದಲ್ಲಿ ಯಾರಾದರೂ ಅಪರಾಧದಲ್ಲಿ ಸಿಕ್ಕಿಬಿದ್ದದ್ದುಂಟೇ, ಮಗುವಿಗೆ ಬೀಡಿ, ಸಿಗರೇಟು, ಮದ್ಯ, ಜೂಜಿನ ಚಟವುಂಟೇ, ಅದರ ಗೆಳೆಯರು ಎಂಥವರು ಎಂಬ ಪ್ರಶ್ನೆಗಳು ಬರುತ್ತವೆ. ಮಂಡಳಿಗೆ ಮಗುವಿನ ಬದುಕು ಅರ್ಥವಾಗಲಿ ಎಂಬುದೇ ಇದರ ಉದ್ದೇಶ; ದೊಡ್ಡ ಪ್ರಕರಣಗಳಲ್ಲಿ ಇದು ಮಗುವಿಗೆ ನೆರವಾಗುತ್ತದೆ ಕೂಡ. ಆದರೆ ಕದ್ದದ್ದು ಒಂದು ಪೆನ್ನೋ ಹೇರ್ ಕ್ಲಿಪ್ಪೋ ಆಗಿದ್ದಾಗ, ಅದರ ನೆಪದಲ್ಲಿ ಒಂದು ಬಡ ಮನೆಯ ಒಳಹೊರಗೆಲ್ಲ ಪೊಲೀಸ್ ಕಾಗದಕ್ಕೆ ಇಳಿಯುತ್ತದೆ. ಕೂಲಿ ಬಿಟ್ಟು ಠಾಣೆಗೆ ಬಂದ ತಾಯಿ ಈ ಪ್ರಶ್ನೆಗಳಿಗೆ ಉತ್ತರ ಕೊಡುತ್ತಾ ಕೂರಬೇಕಾದದ್ದನ್ನು ಶಿಕ್ಷೆಯಲ್ಲ ಎಂದು ಹೇಳಲು ನನಗೆ ಮನಸ್ಸು ಬರುವುದಿಲ್ಲ.

ಇದಕ್ಕಿಂತ ಗಂಭೀರವಾದದ್ದು ಕಲಂ ಹಾಕುವ ಪ್ರಶ್ನೆ. ಬಾಲನ್ಯಾಯ ಕಾಯ್ದೆಯ ಪ್ರಕಾರ ಗರಿಷ್ಠ ಶಿಕ್ಷೆ ಮೂರು ವರ್ಷ ಮೀರದ ಅಪರಾಧ ಸಣ್ಣ ಅಪರಾಧ. ಅಂಥದ್ದರ ವಿಚಾರಣೆ ಸಂಕ್ಷಿಪ್ತವಾಗಿ ನಡೆಯಬೇಕು. ನಾಲ್ಕು ತಿಂಗಳು, ಹೆಚ್ಚೆಂದರೆ ಇನ್ನೆರಡು ತಿಂಗಳು ಕಳೆದರೂ ಮುಗಿಯದಿದ್ದರೆ ಪ್ರಕರಣ ತಾನಾಗಿಯೇ ಕೊನೆಗೊಳ್ಳುತ್ತದೆ. ಮಗುವಿಗೆ ಇದಕ್ಕಿಂತ ದೊಡ್ಡ ಕಾವಲು ಈ ಕಾಯ್ದೆಯಲ್ಲಿ ಕಡಿಮೆ. ಸಾಮಾನ್ಯ ಕಳವಿಗೆ ಕಲಂ 303(2)ರಲ್ಲಿ ಮೂರು ವರ್ಷದವರೆಗೆ ಶಿಕ್ಷೆ, ಹಾಗಾಗಿ ಅದು ಸಣ್ಣ ಅಪರಾಧವೇ. ಆದರೆ ಕಲಂ 305 ಬೇರೆ. ವಾಸದ ಮನೆಯಲ್ಲಿ ಮಾತ್ರವಲ್ಲ, ಸ್ವತ್ತನ್ನು ಇರಿಸಲು ಬಳಸುವ ಕಟ್ಟಡದಲ್ಲಿ ಮಾಡಿದ ಕಳವಿಗೂ ಅದು ಏಳು ವರ್ಷದವರೆಗೆ ಶಿಕ್ಷೆ ಹೇಳುತ್ತದೆ. ಹಳೆಯ 380ರಲ್ಲೂ ಇದೇ ಮಾತಿತ್ತು. ಅಂಗಡಿ ಸ್ವತ್ತನ್ನು ಇರಿಸುವ ಕಟ್ಟಡವೇ? ಅಕ್ಷರಶಃ ಓದಿದರೆ ಹೌದೆನ್ನಬಹುದು. ಹಾಗೆ ಓದಿದ ಮರುಗಳಿಗೆ ಅದೇ ಚಾಕೊಲೇಟು ಸಣ್ಣ ಅಪರಾಧದ ವರ್ಗದಿಂದ ಆಚೆ ಹೋಗುತ್ತದೆ, ಆರು ತಿಂಗಳ ಕಾವಲೂ ಕಳಚಿಬೀಳುತ್ತದೆ. 5,000 ರೂಪಾಯಿಯ ಪರಂತುಕ ಇರುವುದೂ 303ರಲ್ಲಿ, 305ರಲ್ಲಲ್ಲ. ಮಗುವಿನ ಹಣೆಬರಹ ದಿನಚರಿ ಬರೆಯುವವರ ಪೆನ್ನಿನ ತುದಿಯಲ್ಲಿರುತ್ತದೆ. ಕಲಂ 305 ಹುಟ್ಟಿದ್ದು ಬೀಗದ ಭದ್ರತೆಯನ್ನು ನಂಬಿ ಇಟ್ಟ ಸ್ವತ್ತನ್ನು ಕಾಪಾಡಲು. ಗಿರಾಕಿಯ ಕೈಗೆಟುಕುವಂತೆ, ಅದರಲ್ಲೂ ಮಗುವಿನ ಕಣ್ಣಿನ ಎತ್ತರಕ್ಕೆ ಸರಿಯಾಗಿ ಬಿಲ್ ಕೌಂಟರಿನ ಪಕ್ಕದಲ್ಲಿ ಜೋಡಿಸಿಟ್ಟ ಸರಕು ಆ ರಕ್ಷಣೆಗೆ ಸೇರಿದ್ದಲ್ಲ ಎಂಬುದು ನನ್ನ ಓದು.

ಸಂಹಿತೆಯ ಕಲಂ 33ನ್ನೂ ಮಂಡಳಿಗಳು ನೆನಪಿಡಬೇಕು. ಸಾಮಾನ್ಯ ವಿವೇಕ, ಸ್ವಭಾವದ ಯಾರೂ ದೂರದಷ್ಟು ಅಲ್ಪವಾದ ಹಾನಿ ಅಪರಾಧವಲ್ಲ ಎನ್ನುತ್ತದೆ ಅದು. ಹಳೆಯ ದಂಡ ಸಂಹಿತೆಯ 1837ರ ಕರಡಿಗೆ ಮೆಕಾಲೆ ಬರೆದ ಟಿಪ್ಪಣಿಯಲ್ಲಿ, ಇನ್ನೊಬ್ಬರ ಶಾಯಿಯಲ್ಲಿ ಲೇಖನಿ ಅದ್ದುವುದೂ ಲೆಕ್ಕಕ್ಕೆ ಕಳವೇ ಆಗಿಬಿಡುತ್ತದೆ ಎಂದು ತೋರಿಸಿ ಇಂಥ ವಿನಾಯಿತಿಯ ಅಗತ್ಯವನ್ನು ವಿವರಿಸಿದ್ದ.

ಪ್ರಕರಣ ನಡೆಸಿದರೆ ಮಗು ತಿದ್ದಿಕೊಳ್ಳುತ್ತದೆಯೇ? ಆಂಥೊನಿ ಪೆಟ್ರೊಸಿನೊ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಸಮೀಕ್ಷೆ 29 ಪ್ರಯೋಗಗಳನ್ನೂ ಅವುಗಳಲ್ಲಿದ್ದ 7,304 ಬಾಲಕ ಬಾಲಕಿಯರನ್ನೂ ಒಟ್ಟಿಗೆ ಪರಿಶೀಲಿಸಿತು. ನ್ಯಾಯವ್ಯವಸ್ಥೆಯೊಳಗೆ ಎಳೆದುತಂದದ್ದರಿಂದ ಮರು ಅಪರಾಧ ಕಡಿಮೆಯಾಗಲಿಲ್ಲ. ಒಟ್ಟಾರೆ ಅದು ಹೆಚ್ಚುವತ್ತಲೇ ವಾಲಿತ್ತು. ಹೊರಗೇ ಬಿಟ್ಟು ನೆರವು ಕೊಟ್ಟವರ ಜೊತೆ ಹೋಲಿಸಿದಾಗ ಅಂತರ ಇನ್ನೂ ಎದ್ದು ಕಂಡಿತು. ಟೆರ್ರಿ ಮಾಫಿಟ್ 1993ರಲ್ಲಿ ಮಂಡಿಸಿದ ವಿಂಗಡಣೆ ಇದಕ್ಕೆ ಕಾರಣ ಹೊಳೆಯಿಸುತ್ತದೆ. ಹರೆಯದಲ್ಲಿ ತಪ್ಪು ಮಾಡುವವರಲ್ಲಿ ಬಹುಪಾಲು ಮಂದಿ ಆ ವಯಸ್ಸು ದಾಟಿದಂತೆ ಅದನ್ನು ಬಿಡುತ್ತಾರೆ. ಬಿಡದಂತೆ ಮಾಡುವ ಕುಣಿಕೆಗಳಲ್ಲಿ ಓದು ನಿಲ್ಲುವುದು, ಪೊಲೀಸ್ ದಾಖಲೆ ಅಂಟುವುದು ಸೇರಿವೆ. ಈ ಅಧ್ಯಯನಗಳೆಲ್ಲ ಹೊರದೇಶದವು. ಆದರೆ ಕಳ್ಳನೆಂದು ಹೆಸರು ಬಿದ್ದ ಮಗುವನ್ನು ಶಾಲೆ, ನೆರೆಹೊರೆ ನಡೆಸಿಕೊಳ್ಳುವ ರೀತಿ ನಮ್ಮಲ್ಲಿ ಅದಕ್ಕಿಂತ ಮೃದುವಾಗಿದೆ ಎನ್ನಲು ಕಾರಣ ಕಾಣುವುದಿಲ್ಲ.

ಅಂಗಡಿಯವರ ಸಂಕಟವನ್ನು ತಳ್ಳಿಹಾಕಿ ಈ ವಾದ ನಿಲ್ಲದು. ನೂರಕ್ಕೆ ಹತ್ತು ಲಾಭವೆಂದು ಇಟ್ಟುಕೊಂಡರೂ ಗೂಡಂಗಡಿಯಲ್ಲಿ ಹತ್ತು ರೂಪಾಯಿಯ ಮಾಲು ಹೋದರೆ, ಅದನ್ನು ತುಂಬಲು ಅಂಥ ಹತ್ತು ಮಾಲು ಮಾರಬೇಕು. ಸರ್ಕಾರ ಕೈಕಟ್ಟಿದರೆ ಅಂಗಡಿಯೇ ನ್ಯಾಯ ಮಾಡತೊಡಗುತ್ತದೆ. ಮಗುವನ್ನು ಹಿಂದಿನ ಗೋದಾಮಿನಲ್ಲಿ ಕೂರಿಸುವುದು, ಕದ್ದದ್ದರ ಹತ್ತು ಪಟ್ಟು ವಸೂಲಿ ಮಾಡುವುದು, ಕೆನ್ನೆಗೆ ಬಾರಿಸುವುದು, ಸಿಸಿಟಿವಿಯ ಚಿತ್ರವನ್ನು ಬಡಾವಣೆಯ ವಾಟ್ಸಾಪ್ ಗುಂಪಿಗೆ ಹಾಕುವುದು, ಇವು ಯಾವ ದಿನಚರಿಗೂ ಏರುವುದಿಲ್ಲ. ಮಗುವಿನ ಗುರುತು ಬಯಲು ಮಾಡಬಾರದೆನ್ನುವ ಬಾಲನ್ಯಾಯ ಕಾಯ್ದೆಯ ಕಲಂ 74, ತನಿಖೆ, ವಿಚಾರಣೆಗಳ ವರದಿಗೆ ಕಟ್ಟಿಕೊಂಡಿರುವುದರಿಂದ ದೂರೇ ದಾಖಲಾಗದ ಕಡೆ ಅದನ್ನು ಹಿಡಿದು ನಿಲ್ಲುವುದು ಕಷ್ಟ. ಹಿಡಿದಿಡುವ ಅಧಿಕಾರವೂ ಅಂಗಡಿಯವರು ಎಣಿಸಿದಷ್ಟಿಲ್ಲ. ಖಾಸಗಿ ವ್ಯಕ್ತಿ ಹಿಡಿದುಕೊಡಬಹುದಾದದ್ದು ತನ್ನ ಕಣ್ಣೆದುರು ನಡೆದ, ಜಾಮೀನಿಲ್ಲದ ಸಂಜ್ಞೇಯ ಅಪರಾಧದಲ್ಲಿ ಮಾತ್ರ, ಅದೂ ಆರು ಗಂಟೆಯೊಳಗೆ. 5,000 ರೂಪಾಯಿಯೊಳಗಿನ ಕಳವನ್ನು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಅನುಸೂಚಿ ಅಸಂಜ್ಞೇಯ, ಜಾಮೀನು ಸಿಗುವ ಅಪರಾಧವೆಂದು ತೋರಿಸುತ್ತದೆ. ಹೀಗಿರುವಾಗ ಗೋದಾಮಿನ ಬಾಗಿಲು ಹಾಕುವ ಸೆಕ್ಯೂರಿಟಿಯವನೇ ಅಕ್ರಮ ಬಂಧನದ ಆರೋಪಕ್ಕೆ ಗುರಿಯಾಗಬಹುದು. ಮಕ್ಕಳನ್ನು ಮುಂದಿಟ್ಟುಕೊಂಡು ಕದಿಸುವ ದೊಡ್ಡವರ ಮಾತು ಬೇರೆ. ಅವರಿಗೆ ಭಾರತೀಯ ನ್ಯಾಯ ಸಂಹಿತೆಯ ಕಲಂ 95ರಲ್ಲಿ ಮೂರರಿಂದ ಹತ್ತು ವರ್ಷದ ಶಿಕ್ಷೆ ಇದೆ, ಅದನ್ನು ಬಳಸಬೇಕು.

ಈ ಖಾಸಗಿ ನ್ಯಾಯ ಎಲ್ಲರಿಗೂ ಒಂದೇ ಅಲ್ಲ. ಅಪ್ಪ ಕಾರಿನಲ್ಲಿ ಬಂದು ಬಿಲ್ ಕಟ್ಟಿದರೆ ಮಗು ಮಾಡಿದ್ದು ತುಂಟತನವಾಗುತ್ತದೆ. ಫೋನ್ ಮಾಡಿದರೆ ಎತ್ತುವವರಿಲ್ಲದ, ಕಟ್ಟಡದ ಕೆಲಸಕ್ಕೆ ವಲಸೆ ಬಂದವರ ಮಗುವಿನದು ಕಳ್ಳತನವಾಗಿ ಠಾಣೆಗೆ ಹೋಗುತ್ತದೆ. ನನಗೆ ಅತಿ ಅಸಹನೀಯವಾಗಿ ಕಾಣುವುದು ಇದೇ.

ನ್ಯೂಜಿಲೆಂಡ್ 1989ರ ಕಾಯ್ದೆಯಲ್ಲಿ, ಸಾರ್ವಜನಿಕ ಹಿತ ಬೇಡದಿದ್ದರೆ ಮತ್ತು ಬೇರೆ ದಾರಿಯಿದ್ದರೆ ಮಗುವಿನ ಮೇಲೆ ಕ್ರಿಮಿನಲ್ ಕ್ರಮ ಹೂಡಬಾರದೆಂದು ಬರೆದು, ಆ ದಾರಿಯನ್ನೂ ಕಟ್ಟಿತು: ಪೊಲೀಸರ ಯುವ ನೆರವು ವಿಭಾಗದ ಎಚ್ಚರಿಕೆ, ಅದು ಸಾಲದಿದ್ದರೆ ನೊಂದವರನ್ನೂ ಕೂರಿಸಿಕೊಂಡು ನಡೆಸುವ ಕುಟುಂಬ ಸಭೆ. 1992ರಲ್ಲಿ ಭಾರತ ಒಪ್ಪಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 40ನೆಯ ವಿಧಿಯೂ ಸಾಧ್ಯವಿದ್ದಲ್ಲಿ ನ್ಯಾಯಾಂಗದ ಹೊರಗೇ ಇತ್ಯರ್ಥಪಡಿಸಲು ಹೇಳುತ್ತದೆ. ನಮ್ಮ ಬಾಲನ್ಯಾಯ ಕಾಯ್ದೆಯ ಕಲಂ 3 ಈ ತತ್ವವನ್ನು ಒಪ್ಪಿಕೊಂಡಿದೆ, ಆದರೆ ಮಂಡಳಿಗೆ ಮುಂಚೆಯೇ ದೂರನ್ನು ಮುಗಿಸುವ ವಿಧಾನವನ್ನು ಕೊಟ್ಟಿಲ್ಲ.

ಅದಕ್ಕೆ ಸಂಸತ್ತಿನವರೆಗೆ ಹೋಗಬೇಕಿಲ್ಲ. ಕಲಂ 110ರಡಿ ರಾಜ್ಯ ಸರ್ಕಾರವೇ ನಿಯಮ ಮಾಡಬಹುದು. 5,000 ರೂಪಾಯಿಯೊಳಗಿನ ಅಂಗಡಿ ಕಳವಿನ ದೂರು ಬಂದಾಗ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಮಫ್ತಿಯಲ್ಲಿ ಅಂಗಡಿಗೇ ಹೋಗಿ, ಪೋಷಕರನ್ನು ಕರೆಸಿ, ಮಾಲು ಅಥವಾ ಅದರ ಬೆಲೆಯನ್ನಷ್ಟೇ ಹಿಂದಿರುಗಿಸಿ, ಮೂವರ ಸಹಿಯುಳ್ಳ ಒಂದು ಪುಟದ ಮುಚ್ಚಳಿಕೆಯನ್ನು ಮಂಡಳಿಯ ಮಾಹಿತಿಗೆ ಕಳಿಸಿದರೆ ಸಾಕು. ನಮೂನೆ 1 ಬೇಡ. ಪೋಷಕರು ಸಿಗದ ಕಡೆ ಆ ಜಾಗಕ್ಕೆ ಪರಿವೀಕ್ಷಣಾಧಿಕಾರಿ ಬರಬೇಕು. ಮೂರನೆಯ ಸಲವೂ ಅದೇ ಮಗುವಾದರೆ ಹಸಿವೋ ಬೆದರಿಕೆಯೋ ಮನೆಯ ಹಿಂಸೆಯೋ ಹಿಂದಿರಬಹುದು. ಆಗ ಪೋಷಣೆ, ರಕ್ಷಣೆ ಬೇಕಾದ ಮಗುವೆಂದು ಮಕ್ಕಳ ಕಲ್ಯಾಣ ಸಮಿತಿಯ ಗಮನಕ್ಕೆ ತರಬೇಕು. ಮಕ್ಕಳ ಅಂಗಡಿ ಕಳವಿಗೆ 305 ಹಾಕಬಾರದೆಂಬುದಕ್ಕೆ ನಿಯಮವೂ ಬೇಡ, ಪೊಲೀಸ್ ಮಹಾನಿರ್ದೇಶಕರ ಒಂದು ಸುತ್ತೋಲೆ ಸಾಕು. ಅದನ್ನು ಈ ವರ್ಷವೇ ಹೊರಡಿಸಬಹುದು.