ಯಂತ್ರವನ್ನು ಎಚ್ಚರಿಸುವ ಸೂತ್ರಗಳು

ವಿದ್ಯುತ್ತು ಹೋಗಿ ಬಂದ ಮೇಲೆ ಮನೆಯ ವೈ-ಫೈ ಪೆಟ್ಟಿಗೆಯ ದೀಪಗಳು ಒಂದೊಂದಾಗಿ ಹತ್ತಿ, ಅದು ಕೆಲಸಕ್ಕೆ ಸಿದ್ಧವಾಗಲು ಸ್ವಲ್ಪ ಹೊತ್ತು ಹಿಡಿಯುವುದನ್ನು ವಾಚಕರೆಲ್ಲರೂ ಕಂಡಿದ್ದೀರಿ. ಹಿಂದಿನ ವಾಲ್ವ್ ರೇಡಿಯೊ ಕೂಡ ಹೀಗೆಯೇ ನಮ್ಮನ್ನು ಕಾಯಿಸುತ್ತಿತ್ತು. ಅದು ಕಾಯಿಸುತ್ತಿದ್ದುದು ವಾಲ್ವು ಬಿಸಿಯೇರಲೆಂದು. ಈ ಪೆಟ್ಟಿಗೆ ಕಾಯಿಸುವುದು ತನಗೆ ಯಾವ ಯಾವ ಅಂಗಗಳಿವೆ, ಮೊದಲು ಮಾಡತಕ್ಕ ಕೆಲಸವೇನು ಎಂಬುದನ್ನು ತಿಳಿದುಕೊಳ್ಳಲೆಂದು. ಇದನ್ನು ತಿಳಿಸಿಕೊಡುವ ಪುಟ್ಟ ಪ್ರೋಗ್ರಾಮಿಗೆ ಬೂಟ್‌ಲೋಡರ್ ಎಂದು ಹೆಸರು. ಅದು ಮೊದಲು ತಾನೆದ್ದು, ಆಮೇಲೆ ದೊಡ್ಡ ಪ್ರೋಗ್ರಾಮನ್ನು ಎಬ್ಬಿಸಿ, ಅಧಿಕಾರವನ್ನು ಅದರ ಕೈಗೊಪ್ಪಿಸಿ ಹಿಂದೆ ಸರಿಯುತ್ತದೆ.

ಎಷ್ಟು ಪಳಗಿದ ನಟನಾದರೂ ತನ್ನ ಹೆಗಲನ್ನು ತಾನೇ ಏರಲಾರನೆಂದು ನಮ್ಮ ಹಿಂದಿನ ಶಾಸ್ತ್ರಜ್ಞರು ಹೇಳುತ್ತಿದ್ದರು. ಗಣಕಯಂತ್ರವನ್ನು ಕಟ್ಟಿದವರಿಗೂ ಇದೇ ತೊಡಕು ಎದುರಾಯಿತು. ಪ್ರೋಗ್ರಾಮನ್ನು ಮೆಮೊರಿಗೆ ತುಂಬಲು ಒಂದು ಪ್ರೋಗ್ರಾಂ ಬೇಕು. ಆ ಪ್ರೋಗ್ರಾಮನ್ನು ತುಂಬುವವರಾರು? ಬೂಟಿನ ಹಿಂಬದಿಯ ಪಟ್ಟಿಯನ್ನು ತಾನೇ ಹಿಡಿದು ತನ್ನನ್ನು ತಾನೇ ಮೇಲೆತ್ತಿಕೊಳ್ಳುವ ಅಸಾಧ್ಯ ಸಾಹಸಕ್ಕೆ ಇಂಗ್ಲಿಷಿನಲ್ಲಿ ಬೂಟ್‌ಸ್ಟ್ರಾಪ್ ಎಂಬ ಮಾತು ಬಳಕೆಯಲ್ಲಿತ್ತು. ಬೂಟ್ ಎಂಬ ಪಾರಿಭಾಷಿಕ ಪದ ಹುಟ್ಟಿದ್ದು ಅದರಿಂದಲೇ.

1952ರಲ್ಲಿ ಪ್ರಕಟವಾದ ಐ.ಬಿ.ಎಂ. 701 ಯಂತ್ರದಲ್ಲಿ ಈ ತೊಡಕಿಗೆ ಸೊಗಸಾದ ಪರಿಹಾರವಿತ್ತು. 'ಲೋಡ್' ಎಂಬ ಗುಂಡಿಯನ್ನು ಒತ್ತಿದರೆ ಯಂತ್ರವು ಒಂದೇ ಒಂದು ಪದವನ್ನು, ಎಂದರೆ 36 ಬಿಟ್ಟುಗಳನ್ನು, ಮೆಮೊರಿಗೆ ಓದಿಕೊಳ್ಳುತ್ತಿತ್ತು. ಆ ಪದದ ಎಡಭಾಗದಲ್ಲಿರುವ ಆಜ್ಞೆಯನ್ನು ನಡೆಸಿದಾಗ ಮುಂದಿನ ಪದಗಳು ತಾವಾಗಿ ಬರುತ್ತಿದ್ದವು. ಆ ಮೊದಲ ಪದವನ್ನು ರಂಧ್ರ ಹೊಡೆದ ಕಾರ್ಡಿನಿಂದ ತರಬೇಕೋ, ಕಾಂತಟೇಪಿನಿಂದಲೋ, ಕಾಂತಡ್ರಮ್ಮಿನಿಂದಲೋ ಎಂಬುದನ್ನು ಆರಿಸಲು ಇನ್ನೊಂದು ಸ್ವಿಚ್ಚು ಇತ್ತು. ಯಂತ್ರ ಏಳುವುದಕ್ಕೆ ಮೊದಲೇ ಮನುಷ್ಯನು ಆಯ್ಕೆ ಮಾಡಬೇಕು ಎಂಬ ನಿಯಮವನ್ನು ಇಲ್ಲಿಯೇ ಕಾಣಬಹುದು.

1965ರಲ್ಲಿ ಬಂದ ಪಿ.ಡಿ.ಪಿ.-8 ಯಂತ್ರದಲ್ಲಿ ಈ ಕೆಲಸ ನೇರವಾಗಿ ಮನುಷ್ಯನ ಬೆರಳಿಗೇ ಬಂತು. ಮುಂಬದಿಯಲ್ಲಿ ಸಾಲಾಗಿ ಜೋಡಿಸಿದ ಸ್ವಿಚ್ಚುಗಳನ್ನು ಮೇಲೆ ಕೆಳಗೆ ಮಾಡಿ, ಒಂದೊಂದು ಪದಕ್ಕೆ ಹನ್ನೆರಡು ಬಿಟ್ಟುಗಳಂತೆ, ಮೊದಲ ಪಾಠವನ್ನು ಕೈಯಿಂದಲೇ ತುಂಬಬೇಕಾಗಿತ್ತು. ಪದಗಳ ಸಂಖ್ಯೆ ಸುಮಾರು ಹದಿನಾರು. ಒಂದು ಸ್ವಿಚ್ಚು ತಪ್ಪಿದರೂ ಯಂತ್ರ ಮೌನ. 1975ರ ಆಲ್ಟೇರ್ 8800 ಎಂಬ ಮನೆಬಳಕೆಯ ಯಂತ್ರದಲ್ಲಿಯೂ ಇದೇ ಪದ್ಧತಿ. ಕ್ರಮೇಣ ಅಳಿಯದ ಮೆಮೊರಿ ಅಗ್ಗವಾಗಿ, ಈ ಮೊದಲ ಪಾಠ ಅದರೊಳಗೆ ನೆಲೆಯಾಯಿತು. ಸ್ವಿಚ್ಚುಗಳು ಮಾಯವಾದವು. ಆದರೆ ಆಯ್ಕೆಯ ಹೊಣೆ ಮಾಯವಾಗಲಿಲ್ಲ. ಯಂತ್ರದ ಮುಂದೆ ಕುಳಿತವನಿಂದ ಅದನ್ನು ತಯಾರಿಸುವವನ ಕಡೆಗೆ ಸರಿಯಿತು, ಅಷ್ಟೆ.

ಮೇಜಿನ ಮೇಲಿನ ಗಣಕಗಳ ಒಳರಚನೆ ಬಹುಮಟ್ಟಿಗೆ ಒಂದೇ ಬಗೆಯದು. ಇನ್ನೊಂದು ವಸ್ತುವಿನ ಹೊಟ್ಟೆಯೊಳಗೆ ಅಡಗಿ ಕೆಲಸ ಮಾಡುವ ಗಣಕಗಳ, ಎಂದರೆ ಎಂಬೆಡೆಡ್ ಯಂತ್ರಗಳ, ಸಂಗತಿ ಬೇರೆ. ಒಂದರಲ್ಲಿ ಪರದೆಯುಂಟು, ಇನ್ನೊಂದರಲ್ಲಿ ಇಲ್ಲ. ಒಂದರ ಮೆಮೊರಿ ಒಂದು ವಿಳಾಸದಲ್ಲಿ, ಇನ್ನೊಂದರದು ಮತ್ತೊಂದು ವಿಳಾಸದಲ್ಲಿ. ಆದಕಾರಣ ಪ್ರತಿಯೊಂದು ಬೋರ್ಡಿಗೂ ಅದರದರ ಅಳತೆಗೆ ತಕ್ಕ ಬೂಟ್‌ಲೋಡರನ್ನು ಹೊಲಿಯಬೇಕು. ಅಂಗಿಯ ಬಟ್ಟೆ ಒಂದೇ, ಅಳತೆ ಬೇರೆ. ಆ ಅಳತೆಯನ್ನು ಗುರುತು ಹಾಕಿಕೊಳ್ಳುವ ಕೆಲಸಕ್ಕೇ ಬಲ್ಲವರು ಕಾನ್ಫಿಗರೇಷನ್ ಎನ್ನುತ್ತಾರೆ.

ಈ ಕ್ಷೇತ್ರದಲ್ಲಿ ಹೆಸರಾದದ್ದು ಯು-ಬೂಟ್. ಮೋಟೊರೋಲಾ ಸಂಸ್ಥೆಯ 8xx ಎಂಬ ಪವರ್‌ಪಿಸಿ ಚಿಪ್ಪುಗಳಿಗಾಗಿ ಮ್ಯಾಗ್ನಸ್ ಡ್ಯಾಮ್ ಎಂಬವರು ಬರೆದ ಚಿಕ್ಕ ಪ್ರೋಗ್ರಾಮಿನಿಂದ ಇದು ಬೆಳೆಯಿತು. ಜರ್ಮನಿಯ ವೋಲ್ಫ್‌ಗಾಂಗ್ ಡೆಂಕ್ 1999ರಲ್ಲಿ ಅದನ್ನು ಕೈಗೆತ್ತಿಕೊಂಡು ಪಿಪಿಸಿಬೂಟ್ ಎಂಬ ಹೆಸರಿನಿಂದ ಎಲ್ಲರಿಗೂ ತೆರೆದಿಟ್ಟರು. ಮುಂದೆ ಇತರ ಜಾತಿಯ ಪ್ರೊಸೆಸರುಗಳಿಗೂ ಅದು ಒದಗಿದಾಗ ಹಳೆಯ ಹೆಸರು ಇಕ್ಕಟ್ಟಾಯಿತು. 2002ರ ನವೆಂಬರಿನಲ್ಲಿ ಯು-ಬೂಟ್ ಎಂಬ ಹೊಸ ನಾಮಕರಣವಾಯಿತು. ಜರ್ಮನ್ ಭಾಷೆಯಲ್ಲಿ ಈ ಮಾತಿಗೆ ಜಲಾಂತರ್ಗಾಮಿ ನೌಕೆಯೆಂಬ ಅರ್ಥವೂ ಉಂಟು. ಕಣ್ಣಿಗೆ ಬೀಳದೆ ಕೆಲಸ ಮಾಡುವ ಪ್ರೋಗ್ರಾಮಿಗೆ ಒಪ್ಪುವ ಶ್ಲೇಷೆ. ಡೆಂಕ್ 2022ರಲ್ಲಿ ತೀರಿಕೊಂಡರು. ಅವರು ನೆಟ್ಟದ್ದು ಲೆಕ್ಕವಿಲ್ಲದಷ್ಟು ಪೆಟ್ಟಿಗೆಗಳ ಒಳಗೆ ಬದುಕಿದೆ.

ಮೊದಮೊದಲು ಒಂದೊಂದು ಬೋರ್ಡಿಗೆ ಒಂದೊಂದು ಹೆಡರ್ ಕಡತವಿರುತ್ತಿತ್ತು. ಬೇಕಾದ ಆಯ್ಕೆಗಳನ್ನೆಲ್ಲ ಅದರಲ್ಲಿ ಸಾಲುಸಾಲಾಗಿ ಬರೆಯುತ್ತಿದ್ದರು. ಬಳಸುವವನು ತನ್ನ ಇಷ್ಟದಂತೆ ಬದಲಿಸಬಹುದಾದ ಆಯ್ಕೆಗಳಿಗೆ 'ಕಾನ್ಫಿಗ್' ಎಂಬ ಮೊದಲಕ್ಷರಗಳು. ಬೋರ್ಡಿನ ರಚನೆಗೆ ಸೇರಿದ, ತಿಳಿಯದವರು ಮುಟ್ಟಬಾರದ ಸಂಗತಿಗಳಿಗೆ 'ಸಿ.ಎಫ್.ಜಿ.' ಎಂಬ ಮೊದಲಕ್ಷರಗಳು. ಬೋರ್ಡುಗಳು ಬೆರಳೆಣಿಕೆಯಷ್ಟಿದ್ದಾಗ ಇದು ಸಾಗಿತು. ಅವು ನೂರಾರಾದಾಗ ಒಬ್ಬರ ಕಡತವನ್ನು ಮತ್ತೊಬ್ಬರು ನಕಲು ಮಾಡಿ, ನಾಲ್ಕು ಸಾಲು ತಿದ್ದಿ, ಉಳಿದದ್ದು ಏಕಿದೆಯೆಂದು ತಿಳಿಯದೆಯೇ ಮುಂದೆ ಸಾಗಿಸುವ ಪರಿಪಾಟ ಬೆಳೆಯಿತು. ಹಳೆಯ ಓಲೆಗರಿಗಳ ಲಿಪಿಕಾರರನ್ನು ಬಲ್ಲವರಿಗೆ ಈ ಅವಸ್ಥೆ ಹೊಸದೆನಿಸದು. ಒಂದು ಪ್ರತಿಯಲ್ಲಿ ಬಿದ್ದ ಕೈತಪ್ಪು ಹತ್ತು ಪ್ರತಿಗಳಲ್ಲಿ ಪಾಠವಾಗಿ ನಿಲ್ಲುವುದುಂಟು.

ಪರಿಹಾರ ಪಕ್ಕದ ಮನೆಯಲ್ಲಿಯೇ ಇತ್ತು. ಲಿನಕ್ಸ್ ಕರ್ನಲಿಗಾಗಿ ರೋಮನ್ ಜಿಪ್ಪೆಲ್ ಎಂಬವರು ಕೆಕಾನ್ಫಿಗ್ ಎಂಬ ಚಿಕ್ಕ ಭಾಷೆಯನ್ನು ರೂಪಿಸಿದ್ದರು. 2002ರಲ್ಲಿ ಕರ್ನಲ್ ಅದನ್ನು ಅಂಗೀಕರಿಸಿತು. ಯು-ಬೂಟಿಗೆ ಅದನ್ನು ತಂದವರು ಜಪಾನಿನ ಮಸಾಹಿರೊ ಯಮಾಡ, ವರ್ಷ 2014.

ಈ ಭಾಷೆಯ ಗುಣವನ್ನು ವ್ಯಾಕರಣ ಓದಿದವರು ಬೇಗ ಹಿಡಿಯಬಲ್ಲರು. ಇಲ್ಲಿ ಒಂದೊಂದು ಆಯ್ಕೆಯೂ ಒಂದೊಂದು ಸೂತ್ರ. ಅದಕ್ಕೊಂದು ಹೆಸರು, ಹೌದು, ಅಲ್ಲ ಎಂದೋ, ಒಂದು ಸಂಖ್ಯೆಯೆಂದೋ ಅದರ ಜಾತಿ, ಯಾರೂ ಏನನ್ನೂ ಹೇಳದಿದ್ದರೆ ಅದು ತಾಳಬೇಕಾದ ಬೆಲೆ, ಇಂಥ ಇನ್ನೊಂದು ಆಯ್ಕೆ ಇದ್ದರೆ ಮಾತ್ರ ಇದು ಸಲ್ಲುತ್ತದೆಂಬ ನಿಬಂಧನೆ, ಕೊನೆಗೆ ವೃತ್ತಿಯಂತೆ ನಾಲ್ಕು ಸಾಲಿನ ವಿವರಣೆ. ಉದಾಹರಣೆಗೆ ಜಾಲದ ಅಂಗವನ್ನೇ ಬೇಡವೆಂದರೆ, ಅದನ್ನು ನೆಚ್ಚಿಕೊಂಡ ಆಜ್ಞೆಗಳು ಪಟ್ಟಿಯಿಂದಲೇ ಸರಿಯುತ್ತವೆ. ಕೆಲಸ ಮಾಡುವವನು ಪರದೆಯ ಮೇಲಿನ ಪಟ್ಟಿಯಲ್ಲಿ ಬೇಕಾದುದಕ್ಕೆ ಗುರುತು ಹಾಕಿದರಾಯಿತು.

ಇನ್ನೂ ಸ್ವಾರಸ್ಯವಾದುದು ಆಯ್ಕೆಗಳನ್ನು ಕಾಪಿಡುವ ರೀತಿ. ಒಂದು ಬೋರ್ಡಿನ ಸಂಗ್ರಹ ಕಡತದಲ್ಲಿ ಸಾವಿರಾರು ಆಯ್ಕೆಗಳನ್ನೂ ಬರೆಯುವುದಿಲ್ಲ. ಸಾಮಾನ್ಯ ಬೆಲೆಗಿಂತ ಬೇರೆಯಾದವುಗಳನ್ನು ಮಾತ್ರ ಬರೆಯುತ್ತಾರೆ. ಉತ್ಸರ್ಗ, ಅಪವಾದ ಎಂದು ವೈಯಾಕರಣರು ಹೇಳುವುದು ಇದನ್ನೇ ಅಲ್ಲವೆ? ಸಾಮಾನ್ಯ ನಿಯಮ ಎಲ್ಲೆಡೆ ಹರಡಿರುತ್ತದೆ. ವಿಶೇಷ ನಿಯಮ ತನ್ನ ಜಾಗದಲ್ಲಿ ಅದನ್ನು ಬಾಧಿಸುತ್ತದೆ. ಒಂದು ಬೋರ್ಡಿನ ಈ ಚಿಕ್ಕ ಕಡತವನ್ನು ಓದಿದರೆ ಅದು ಉಳಿದವುಗಳಿಗಿಂತ ಹೇಗೆ ಬೇರೆ ಎಂಬುದು ಕಣ್ಣಿಗೆ ಕಟ್ಟುತ್ತದೆ.

ಇಷ್ಟೆಲ್ಲ ಎಚ್ಚರವೇಕೆಂದು ನೀವು ಕೇಳಬಹುದು. ಮೊದಲನೆಯದು ಜಾಗದ ಇಕ್ಕಟ್ಟು. ಅನೇಕ ಯಂತ್ರಗಳಲ್ಲಿ ವಿದ್ಯುತ್ತು ಹರಿದ ಕೂಡಲೆ ದೊಡ್ಡ ಮೆಮೊರಿ ಇನ್ನೂ ಕೆಲಸಕ್ಕೆ ಬಾರದು. ಚಿಪ್ಪಿನೊಳಗಿನ ಸ್ವಲ್ಪ ಜಾಗವೇ ಗತಿ. ಅದರಲ್ಲಿ ಹಿಡಿಯುವಂತೆ ಎಸ್.ಪಿ.ಎಲ್. ಎಂಬ ಪುಟ್ಟ ಪೂರ್ವಪೀಠಿಕೆಯನ್ನು ಬೇರೆಯಾಗಿ ಕಟ್ಟಬೇಕು. ಅದಕ್ಕೆ ಬೇರೆಯ ಆಯ್ಕೆಗಳು. ಅಲ್ಲಿ ಹೆಚ್ಚಿನದೊಂದನ್ನು ತುರುಕಿದರೆ ಗಂಟು ಹಿಡಿಯದು. ಅಗತ್ಯವಾದುದನ್ನು ಬಿಟ್ಟರೆ ಯಂತ್ರ ಏಳದು. ಹಾಗೆ ಏಳದ ಯಂತ್ರವನ್ನು ಈ ಕಸುಬಿನವರು ಇಟ್ಟಿಗೆಯೆಂದು ಕರೆಯುತ್ತಾರೆ.

ಎರಡನೆಯದು ನಮ್ಮ ನಿಮ್ಮ ಮನೆಯ ಭದ್ರತೆ. ಯು-ಬೂಟಿನಲ್ಲಿ ಬೂಟ್‌ಡಿಲೇ ಎಂಬ ಆಯ್ಕೆಯೊಂದುಂಟು. ಮುಂದಿನ ಪ್ರೋಗ್ರಾಮನ್ನು ಎಬ್ಬಿಸುವ ಮೊದಲು ಎಷ್ಟು ಸೆಕೆಂಡು ಕಾಯಬೇಕೆಂಬುದನ್ನು ಅದು ಹೇಳುತ್ತದೆ. ಸಾಮಾನ್ಯ ಬೆಲೆ 2. ಆ ಎರಡು ಸೆಕೆಂಡುಗಳಲ್ಲಿ ತಂತಿ ಜೋಡಿಸಿ ಒಂದು ಕೀಲಿಯನ್ನು ಒತ್ತಿದರೆ ಯಂತ್ರ ಅಲ್ಲಿಯೇ ನಿಂತು ನಿಮ್ಮ ಅಪ್ಪಣೆಯನ್ನು ಕಾಯುತ್ತದೆ. ಕಾರ್ಯಾಗಾರದಲ್ಲಿ ಇದು ಉಪಕಾರ; ಮಾರಾಟವಾದ ಪೆಟ್ಟಿಗೆಯಲ್ಲಿ ತೆರೆದಿಟ್ಟ ಹಿತ್ತಿಲ ಬಾಗಿಲು. ಬೆಲೆಯನ್ನು -2 ಎಂದು ಬರೆದರೆ ಅದು ಕಾಯುವುದೂ ಇಲ್ಲ, ಕೀಲಿಯ ಕಡೆ ನೋಡುವುದೂ ಇಲ್ಲ. ಹಾಗೆಯೇ, ಎಬ್ಬಿಸಬೇಕಾದ ಪ್ರೋಗ್ರಾಂ ನಿಜವಾಗಿ ತಯಾರಕರದೇ ಎಂದು ಸಹಿಯನ್ನು ಪರೀಕ್ಷಿಸುವ ಏರ್ಪಾಡು 2013ರಿಂದ ಯು-ಬೂಟಿನಲ್ಲಿದೆ. ಅದನ್ನು ಆರಿಸಿಕೊಳ್ಳದಿದ್ದರೆ ಇದ್ದೂ ಇಲ್ಲದಂತೆ. ಕೊಳ್ಳುವವರಿಗೆ ಈ ಒಂದು ಸಾಲು ಎಂದೂ ಕಾಣಿಸದು. ಅದರ ಫಲವನ್ನುಣ್ಣುವವರು ಮಾತ್ರ ಅವರೇ.

ಹೆಡರ್ ಕಡತಗಳಲ್ಲಿ ಚೆದುರಿದ್ದ ಆಯ್ಕೆಗಳನ್ನೆಲ್ಲ ಹೊಸ ಭಾಷೆಗೆ ತರುವ ಕೆಲಸ 2014ರಲ್ಲಿ ಆರಂಭವಾಗಿ ಸುಮಾರು ಎಂಟು ವರ್ಷ ನಡೆಯಿತು. 2012ರಿಂದ ಮೇಲ್ವಿಚಾರಣೆಯ ಹೊಣೆ ಹೊತ್ತಿದ್ದ ಟಾಮ್ ರಿನಿ ಅದನ್ನು ದಡ ಮುಟ್ಟಿಸಿದರು. ಹೊಸ ಭಾಷೆಗೆ ಒಗ್ಗದೆ ಉಳಿದ, ಬೋರ್ಡಿನ ರಚನೆಗೇ ಸೇರಿದ ಸಂಗತಿಗಳಿಗೆ ಕೊನೆಯಲ್ಲಿ ಬೇರೆ ಹೆಸರು ಬೇಕಾಯಿತು. 2008ರಲ್ಲಿ ಕೈಬಿಟ್ಟಿದ್ದ 'ಸಿ.ಎಫ್.ಜಿ.' ಎಂಬ ಮೊದಲಕ್ಷರಗಳೇ ಹೀಗೆ ಮತ್ತೆ ಬಳಕೆಗೆ ಬಂದವು. ಪದಗಳಿಗೂ ಪುನರ್ಜನ್ಮವುಂಟು.

ಕೊನೆಯದಾಗಿ ಒಂದು ವಿಶೇಷವನ್ನು ಹೇಳಬೇಕು. ಯಂತ್ರಕ್ಕಾಗಿ ಸಿದ್ಧವಾಗುವ ಪೂರ್ಣ ಕಡತದಲ್ಲಿ ಆರಿಸಿದ ಆಯ್ಕೆಯ ಮುಂದೆ 'ಹೌದು' ಎಂಬ ಗುರುತಿರುತ್ತದೆ. ಬೇಡವೆಂದ ಆಯ್ಕೆಯನ್ನೂ ಸುಮ್ಮನೆ ಬಿಟ್ಟುಬಿಡುವುದಿಲ್ಲ. 'ಇದನ್ನು ಇರಿಸಿಲ್ಲ' ಎಂಬರ್ಥದ ಒಂದು ಸಾಲು ಅಲ್ಲಿ ಬರುತ್ತದೆ. ನಮ್ಮ ಮಕ್ಕಳು ಶಾಲೆಯಲ್ಲಿ ಲೋಪಸಂಧಿಯನ್ನು ಕಲಿಯುತ್ತಾರೆ. ಊರು ಊರು ಸೇರಿ ಊರೂರು ಆದಾಗ ಒಂದು ಉಕಾರ ಹೋಯಿತೆಂದು ಹೆಸರಿಟ್ಟು ಹೇಳುವುದು ವ್ಯಾಕರಣದ ಧರ್ಮ. ಮರೆತು ಬಿಟ್ಟದ್ದು ಬೇರೆ, ತಿಳಿದು ಬಿಟ್ಟದ್ದು ಬೇರೆ. ಸ್ವಿಚ್ಚುಗಳನ್ನು ಬೆರಳಿನಿಂದ ಒತ್ತುತ್ತಿದ್ದ ಕಾಲದಲ್ಲಿ ಈ ಭೇದ ಒತ್ತಿದವನ ಮನಸ್ಸಿನಲ್ಲಷ್ಟೆ ಇರುತ್ತಿತ್ತು. ಈಗ ಅದು ಬರವಣಿಗೆಗೆ ಇಳಿದಿದೆ. ಮುಂದೆ ಬರುವವನು ಅದನ್ನು ಓದಿ, ಒಪ್ಪಬಹುದು, ತಿದ್ದಬಹುದು.