ಪಾಳಿ ಬದಲಾಗುವ ಹೊತ್ತು: ಕಾರ್ಮಿಕರ ಅರಿವು ಕೈ ದಾಟಿದ ಚರಿತ್ರೆ

ಹಗಲಿರುಳು ನಿಲ್ಲದೆ ನಡೆಯುವ ಕಾರ್ಖಾನೆ, ಗಣಿ ಮತ್ತು ಆಸ್ಪತ್ರೆಗಳಲ್ಲಿ ಒಂದು ತಂಡ ಮನೆಗೆ ಹೊರಡುವ ಹೊತ್ತಿಗೆ ಇನ್ನೊಂದು ತಂಡ ಬಂದು ಅದೇ ಯಂತ್ರದ ಮುಂದೆ, ಅದೇ ಹಾಸಿಗೆಯ ಪಕ್ಕದಲ್ಲಿ ನಿಲ್ಲುತ್ತದೆ. ಅರ್ಧಕ್ಕೆ ನಿಂತ ರಿಪೇರಿ, ಏರುತ್ತಿರುವ ಒತ್ತಡ, ಬಿಟ್ಟು ಬಿಟ್ಟು ಬರುವ ಜ್ವರ ಇವೆಲ್ಲ ಆ ಕೆಲವೇ ನಿಮಿಷಗಳಲ್ಲಿ ಒಬ್ಬರ ಅರಿವಿನಿಂದ ಮತ್ತೊಬ್ಬರ ಅರಿವಿಗೆ ದಾಟಬೇಕಾಗುತ್ತದೆ. ಕೆಲಸಗಾರರು ಇದನ್ನು ಹ್ಯಾಂಡೋವರ್ ಅಥವಾ ಚಾರ್ಜ್ ಕೊಡುವುದು ಎನ್ನುತ್ತಾರೆ. ಸಂಸ್ಥೆಯ ದಾಖಲೆಗಳಲ್ಲಿ ಹುಡುಕಿ, ಮಾತಿನಲ್ಲಿ ಅಥವಾ ಬರಹದಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಕೊಡುವ ಎಐ ಸಹಾಯಕ ತಂತ್ರಾಂಶಗಳು ಈಗ ಪಾಳಿ ಕಾರ್ಮಿಕರ ಕೈಗೂ ಬರುತ್ತಿವೆ. ಇವುಗಳನ್ನು ಹಿಂದುಮುಂದಿಲ್ಲದ ಹೊಸ ವಸ್ತುಗಳೆಂದು ಪರಿಚಯಿಸುವುದು ರೂಢಿಯಾಗಿದ್ದರೂ, ಪಾಳಿಗಳ ನಡುವಿನ ಆ ಕೆಲವು ನಿಮಿಷಗಳನ್ನು ನಿಭಾಯಿಸಲು ಒಂದೂವರೆ ಶತಮಾನದಿಂದ ನಡೆದಿರುವ ಪ್ರಯತ್ನಗಳ ಸಾಲಿನಲ್ಲಿಟ್ಟು ನೋಡಿದಾಗಲೇ ಅವುಗಳ ಬೆಲೆಯೂ ಮಿತಿಯೂ ತಿಳಿಯುತ್ತವೆ.

ಪಾಳಿಯನ್ನು ಅನಿವಾರ್ಯಗೊಳಿಸಿದ್ದು ಮೊದಲಿಗೆ ಬೆಂಕಿ. ಅದಿರನ್ನು ಕರಗಿಸಿ ಕಬ್ಬಿಣ ತೆಗೆಯುವ ಊದುಕುಲುಮೆಯನ್ನು ಒಮ್ಮೆ ಹೊತ್ತಿಸಿದರೆ ತಿಂಗಳುಗಟ್ಟಲೆ ಆರಿಸುವಂತಿಲ್ಲ. ಅಮೆರಿಕದ ಉಕ್ಕಿನ ಕಾರ್ಖಾನೆಗಳಲ್ಲಿ 12 ಗಂಟೆಗಳ ಎರಡು ಪಾಳಿಗಳು ರೂಢಿಯಲ್ಲಿದ್ದು, ಹಗಲಿನವರು ಇರುಳಿಗೂ ಇರುಳಿನವರು ಹಗಲಿಗೂ ಬದಲಾಗುವ ದಿನ ಒಂದು ತಂಡ 24 ಗಂಟೆ ಸತತವಾಗಿ ದುಡಿಯುತ್ತಿತ್ತು. ಅಲ್ಲಿನ ಅತಿ ದೊಡ್ಡ ಉಕ್ಕಿನ ಕಂಪನಿ ಎಂಟು ಗಂಟೆಗಳ ಪಾಳಿಗೆ ಬಂದದ್ದು 1923ರಲ್ಲಿ. ಜಮ್‌ಶೇಡ್‌ಪುರದ ಟಾಟಾ ಕಾರ್ಖಾನೆ ಅದಕ್ಕಿಂತ ಮೊದಲೇ, 1912ರಲ್ಲಿ, ಎಂಟು ಗಂಟೆಗಳ ದಿನವನ್ನು ಒಪ್ಪಿಕೊಂಡಿತ್ತು. ಭದ್ರಾವತಿಯಲ್ಲಿ ಇದ್ದಿಲಿನಿಂದ ಉರಿಯುವ ಮೈಸೂರು ಸಂಸ್ಥಾನದ ಊದುಕುಲುಮೆ 1923ರಲ್ಲಿ ಹೊತ್ತಿಕೊಂಡಾಗ, ಕನ್ನಡ ನಾಡಿನ ಆ ಊರಿಗೂ ಆರದ ಬೆಂಕಿಯ ಕಾವಲು ಬಂತು. ಪಾಳಿಯನ್ನು ಬೆಳೆಸಿದ ಎರಡನೆಯ ಶಕ್ತಿ ವಿದ್ಯುತ್. ಶಿವನಸಮುದ್ರದ ವಿದ್ಯುತ್ 1902ರಲ್ಲಿ ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮುಂಬಯಿಯ ಬಟ್ಟೆ ಗಿರಣಿಗಳಿಗೆ ಬಂದ ವಿದ್ಯುದ್ದೀಪ ಸೂರ್ಯಾಸ್ತದ ಮಿತಿಯನ್ನು ತೆಗೆದುಹಾಕಿತು.

ಕಾನೂನು ಪಾಳಿಯನ್ನು ಕಂಡದ್ದು ಮುಖ್ಯವಾಗಿ ವಂಚನೆಯ ಸಾಧ್ಯತೆಯಾಗಿ. ಇಂಗ್ಲೆಂಡಿನ ಗಿರಣಿ ಮಾಲೀಕರು 1840ರ ದಶಕದಲ್ಲಿ ಕೆಲಸಗಾರರನ್ನು ಒಂದರ ಮೇಲೊಂದು ಹಾಯುವ ಸರದಿಗಳಲ್ಲಿ ಹಂಚಿ, ಯಾರು ಎಷ್ಟು ಹೊತ್ತು ದುಡಿದರೆಂಬುದು ಇನ್‌ಸ್ಪೆಕ್ಟರರಿಗೆ ತಿಳಿಯದಂತೆ ಮಾಡುತ್ತಿದ್ದರು. ಇಂಥ ಅನುಭವದ ನೆರಳು ಭಾರತದ 1948ರ ಕಾರ್ಖಾನೆಗಳ ಕಾಯ್ದೆಯ ಮೇಲೂ ಬಿದ್ದಿದೆ: ವಾರಕ್ಕೆ 48 ಗಂಟೆ, ದಿನಕ್ಕೆ 9 ಗಂಟೆ ಎಂಬ ಮಿತಿ ಹಾಕಿದ ಆ ಕಾಯ್ದೆಯ 58ನೆಯ ಕಲಮು, ಒಂದೇ ಬಗೆಯ ಕೆಲಸದಲ್ಲಿ ಏಕಕಾಲಕ್ಕೆ ಎರಡು ಸರದಿಗಳು ತೊಡಗುವಂತೆ ಪಾಳಿಗಳನ್ನು ಜೋಡಿಸಬಾರದೆಂದು ವಿಧಿಸಿತು. ಶೋಷಣೆಯನ್ನು ತಡೆಯಲು ಬಂದ ಈ ನಿಯಮದ ಉದ್ದೇಶ ಪ್ರಶ್ನಾತೀತವಾದರೂ, ಹೋಗುವವರೂ ಬರುವವರೂ ಒಂದೆಡೆ ನಿಂತು ಮಾತಾಡಿಕೊಳ್ಳಲು ಬೇಕಾದ ಹೊತ್ತಿಗೆ ಕಾಯ್ದೆಯಲ್ಲಿ ಪ್ರತ್ಯೇಕ ಸ್ಥಾನ ಸಿಗಲಿಲ್ಲ. ಅದೇ ಕಾಯ್ದೆಯ 108ನೆಯ ಕಲಮು, ಕಡ್ಡಾಯ ಸೂಚನೆಗಳನ್ನು ಇಂಗ್ಲಿಷಿನ ಜೊತೆಗೆ ಬಹುಪಾಲು ಕಾರ್ಮಿಕರಿಗೆ ಅರ್ಥವಾಗುವ ಭಾಷೆಯಲ್ಲೂ ಹಾಕಬೇಕೆಂದು ಹೇಳಿದ್ದು ಮಾತ್ರ ಇಂದಿಗೂ ನೆನೆಯತಕ್ಕ ವಿವೇಕ.

ಕಾರ್ಮಿಕರಿಗಾಗಿ ತಯಾರಾದ ಮೊದಲ ಯಂತ್ರಗಳು ಅರಿವನ್ನು ಬಿಟ್ಟು ಹಾಜರಿಯ ಬೆನ್ನು ಹತ್ತಿದವು. ನ್ಯೂಯಾರ್ಕ್ ರಾಜ್ಯದ ಆಬರ್ನ್ ಊರಿನ ಆಭರಣ ವ್ಯಾಪಾರಿ ವಿಲರ್ಡ್ ಬಂಡಿ 1890ರಲ್ಲಿ ಪೇಟೆಂಟ್ ಪಡೆದ ಗಡಿಯಾರದಲ್ಲಿ ಪ್ರತಿಯೊಬ್ಬ ಕೆಲಸಗಾರನೂ ತನ್ನ ಸಂಖ್ಯೆಯ ಕೀಲಿಯನ್ನು ತಿರುಗಿಸಿದರೆ ಅವನು ಬಂದ ಸಮಯ ಕಾಗದದ ಪಟ್ಟಿಯ ಮೇಲೆ ಅಚ್ಚಾಗುತ್ತಿತ್ತು. ಈ ಉದ್ಯಮದಿಂದ ಬೆಳೆದ ಕಂಪನಿ 1911ರಲ್ಲಿ ಇತರ ಕಂಪನಿಗಳೊಡನೆ ಸೇರಿ, 1924ರಲ್ಲಿ ಐಬಿಎಂ ಎಂಬ ಹೆಸರು ತಳೆಯಿತು. ಗಣಕಯಂತ್ರದ ಚರಿತ್ರೆಯ ಒಂದು ಬೇರು ಹೀಗೆ ಕಾರ್ಖಾನೆಯ ಗೇಟಿನ ಬಳಿಯ ಟೈಮ್ ಆಫೀಸಿನಲ್ಲಿದೆ. ಕೆಲಸಗಾರ ಎಷ್ಟು ಗಂಟೆಗೆ ಬಂದನೆಂಬುದನ್ನು ಯಂತ್ರ ಅಚ್ಚುಕಟ್ಟಾಗಿ ಬರೆದಿಟ್ಟಿತು. ಹೊರಡುವಾಗ ಅವನಿಗೆ ಏನು ಗೊತ್ತಿತ್ತೆಂಬುದನ್ನು ಬರೆದಿಡುವ ಯಂತ್ರಕ್ಕಾಗಿ ಯಾರೂ ಅಷ್ಟೇ ಆತುರಪಡಲಿಲ್ಲ. ಟೋಕನ್, ಮಸ್ಟರ್ ರೋಲ್, ಪಂಚಿಂಗ್ ಕಾರ್ಡ್, ಬೆರಳಚ್ಚಿನ ಯಂತ್ರ ಎಂದು ಹಾಜರಿಯ ಸಾಧನಗಳು ಮುಂದೆಯೂ ಸುಧಾರಿಸುತ್ತಲೇ ಹೋದವು. ಈ ಅಸಮತೋಲನವೇ ಪಾಳಿ ಕೆಲಸದ ಚರಿತ್ರೆಯ ಮುಖ್ಯ ದೋಷವೆನ್ನಬೇಕು.

ಅರಿವಿನ ಪ್ರಶ್ನೆಯನ್ನು ಮೊದಲಿಗೆ ನಿಚ್ಚಳವಾಗಿ ಎತ್ತಿದ್ದು ಕಾರ್ಖಾನೆಗಿಂತ ರೋಗಿಯ ಕೋಣೆ. ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲಿ ಬರೆದ ಶುಶ್ರೂಷೆಯ ಕೈಪಿಡಿಯ ಒಂದು ಅಧ್ಯಾಯ ಪೂರ್ತಿಯಾಗಿ ಇದಕ್ಕೇ ಮೀಸಲು: ತಾನು ಇದ್ದಾಗ ನಡೆಯುವ ಆರೈಕೆ ತಾನು ಇಲ್ಲದಾಗಲೂ ನಡೆಯುವಂತೆ ನೋಡಿಕೊಳ್ಳದ ದಾದಿಯ ಉಳಿದೆಲ್ಲ ಶ್ರಮವೂ ವ್ಯರ್ಥವಾಗಬಹುದೆಂಬುದು ಅವರ ವಾದ. ಇಪ್ಪತ್ತನೆಯ ಶತಮಾನದಲ್ಲಿ ಕೈಗಾರಿಕೆಯೂ ಈ ದಿಕ್ಕಿನಲ್ಲಿ ಒಂದು ಹೆಜ್ಜೆ ಇಟ್ಟಿತು. ಎರಡನೆಯ ಮಹಾಯುದ್ಧದ ಹೊತ್ತಿನಲ್ಲಿ ಅನುಭವವಿಲ್ಲದ ಲಕ್ಷಾಂತರ ಜನರನ್ನು ಕಾರ್ಖಾನೆಗಳಿಗೆ ತರಬೇಕಾಗಿ ಬಂದಾಗ, ಅಮೆರಿಕ ಸರ್ಕಾರ 1940ರಲ್ಲಿ ಆರಂಭಿಸಿದ ತರಬೇತಿ ಯೋಜನೆ ಪ್ರತಿ ಮೇಲ್ವಿಚಾರಕನ ಜೇಬಿಗೂ ಒಂದು ಚಿಕ್ಕ ಕಾರ್ಡನ್ನು ಕೊಟ್ಟಿತು: ಕಲಿಯುವವನನ್ನು ಅಣಿಗೊಳಿಸುವುದು, ಕೆಲಸವನ್ನು ಮಾಡಿ ತೋರಿಸುವುದು, ಅವನಿಂದ ಮಾಡಿಸುವುದು, ಆಮೇಲೂ ಗಮನಿಸುತ್ತಿರುವುದು ಎಂಬ ನಾಲ್ಕು ಹಂತಗಳು ಅದರ ಮೇಲಿದ್ದವು. ಕೆಲಸ ನಡೆಯುವ ಜಾಗದಲ್ಲೇ, ಬೇಕಾದ ಹೊತ್ತಿಗೆ ಕೈಗೆ ಸಿಗುವ ಮಾರ್ಗದರ್ಶನ ಎಂಬ ಇಂದಿನ ಎಐ ಸಹಾಯಕದ ಕಲ್ಪನೆಗೆ ಆ ಕಾರ್ಡೇ ಪೂರ್ವಜ.

ಹ್ಯಾಂಡೋವರ್ ಎಷ್ಟು ಗಂಭೀರವಾದದ್ದೆಂಬುದನ್ನು ಎರಡು ದುರಂತಗಳು ತೋರಿಸಿಕೊಟ್ಟವು. ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಲ್ಲಿ 1984ರ ಡಿಸೆಂಬರ್ 2ರ ರಾತ್ರಿ 10:20ಕ್ಕೆ, ವಿಷಾನಿಲದ ದ್ರವ ತುಂಬಿದ್ದ 610ನೆಯ ಟ್ಯಾಂಕಿನ ಒತ್ತಡ ಚದರ ಅಂಗುಲಕ್ಕೆ 2 ಪೌಂಡ್ ಇತ್ತು. 10:45ಕ್ಕೆ ಪಾಳಿ ಬದಲಾಯಿತು. 11 ಗಂಟೆಗೆ ಹೊಸ ಪಾಳಿಯವರು ನೋಡಿದಾಗ ಅದು 10 ಪೌಂಡ್ ಆಗಿತ್ತು. ಟ್ಯಾಂಕಿನ ಸಹಜ ಒತ್ತಡವೇ 2ರಿಂದ 25 ಪೌಂಡಿನವರೆಗೆ ಇರುತ್ತಿದ್ದುದರಿಂದ ಅದು ಯಾರಿಗೂ ಅಸಹಜವೆನಿಸಲಿಲ್ಲ. ಒಂದೊಂದು ಅಂಕಿಯನ್ನು ಬಿಡಿಯಾಗಿ ನೋಡಿದರೆ ಎರಡೂ ಸಾಧಾರಣ. ಪಕ್ಕಪಕ್ಕದಲ್ಲಿಟ್ಟರೆ ಮಾತ್ರ ನಲವತ್ತು ನಿಮಿಷಗಳಲ್ಲಿ ಒತ್ತಡ ಐದು ಪಟ್ಟಾಯಿತೆಂಬ ಅಪಾಯದ ಸೂಚನೆ ಕಾಣುತ್ತದೆ. ಆ ಸೂಚನೆ ಇದ್ದದ್ದು ಎರಡು ಪಾಳಿಗಳ ನಡುವೆ, ಮತ್ತು ಆ ನಡುವಿನ ಜಾಗ ಯಾರ ಜವಾಬ್ದಾರಿಯೂ ಆಗಿರಲಿಲ್ಲ. ವೆಚ್ಚ ಕಡಿತ, ಕೆಟ್ಟು ನಿಂತ ಸುರಕ್ಷಾ ಸಾಧನಗಳು, ಇಂಗ್ಲಿಷಿನಲ್ಲಿದ್ದ ಕೈಪಿಡಿಗಳು ಸೇರಿದಂತೆ ಆ ದುರಂತಕ್ಕೆ ಕಾರಣಗಳು ಹಲವು; ಸಾವಿರಾರು ಜನರ ಸಾವನ್ನು ಪಾಳಿ ಬದಲಾವಣೆಯೊಂದರ ಮೇಲೆ ಹೊರಿಸುವುದು ಅನ್ಯಾಯವಾಗುತ್ತದೆ. ಆದರೆ ಎಚ್ಚರಿಕೆಯ ಒಂದು ಅವಕಾಶ ಅಲ್ಲಿ ಕೈತಪ್ಪಿತೆಂಬುದು ನಿಜ.

ಸುಮಾರು ಮೂರೂವರೆ ವರ್ಷಗಳ ನಂತರ, 1988ರ ಜುಲೈ 6ರಂದು, ಉತ್ತರ ಸಮುದ್ರದ ಪೈಪರ್ ಆಲ್ಫಾ ಎಂಬ ತೈಲ ವೇದಿಕೆಯಲ್ಲಿ ಪಾಳಿ ಬದಲಾವಣೆಗೂ ದುರಂತಕ್ಕೂ ಇರುವ ಸಂಬಂಧ ಇನ್ನೂ ನೇರವಾಗಿ ಕಂಡಿತು. ಹಗಲು ಪಾಳಿಯವರು ಒಂದು ಪಂಪಿನ ಸುರಕ್ಷಾ ಕವಾಟವನ್ನು ತಪಾಸಣೆಗಾಗಿ ಬಿಚ್ಚಿ, ಕೆಲಸ ಮುಗಿಯದೆ ಸಂಜೆಯಾದಾಗ ಅದರ ಜಾಗಕ್ಕೆ ಬರಿಯ ತಟ್ಟೆಯೊಂದನ್ನು ಕೂರಿಸಿ ಹೋಗಿದ್ದರು. ಆ ಕೆಲಸದ ಪರ್ಮಿಟ್ ಕಾಗದ, ಅಂದರೆ ಅಪಾಯದ ಕೆಲಸಕ್ಕೆ ಕೊಡುವ ಲಿಖಿತ ಅನುಮತಿ, ವೇದಿಕೆಯ ಮೇಲೆಯೇ ಇದ್ದರೂ ರಾತ್ರಿ ಪಾಳಿಯವರಿಗೆ ವಿಷಯ ದಾಟಲಿಲ್ಲ. ಇನ್ನೊಂದು ಪಂಪು ನಿಂತಾಗ ಅವರು ಇದನ್ನು ಚಾಲೂ ಮಾಡಿದರು. ಸೋರಿದ ಅನಿಲ ಸ್ಫೋಟಿಸಿ 167 ಜನ ಸತ್ತರು. ಲಾರ್ಡ್ ಕಲೆನ್ ಅವರ ವಿಚಾರಣೆಯ 1990ರ ವರದಿ 106 ಶಿಫಾರಸುಗಳನ್ನು ಮಾಡಿತು. ಪರ್ಮಿಟ್ ಪದ್ಧತಿ ಮತ್ತು ಹ್ಯಾಂಡೋವರ್ ಅಲ್ಲಿಂದ ಮುಂದೆ ಸುರಕ್ಷತಾ ಶಾಸ್ತ್ರದ ವಿಷಯಗಳಾಗಿ ಬೆಳೆದವು. ಆದರೂ 2005ರಲ್ಲಿ ಅಮೆರಿಕದ ಟೆಕ್ಸಸ್ ಸಿಟಿ ತೈಲ ಶುದ್ಧೀಕರಣಾಗಾರದಲ್ಲಿ 15 ಜನರನ್ನು ಕೊಂದ ಸ್ಫೋಟದ ತನಿಖೆ, ರಾತ್ರಿ ಪಾಳಿ ಬಿಟ್ಟುಹೋದ ಲಾಗ್‌ಬುಕ್ ಬರಹ ತೀರಾ ಅಲ್ಪವಾಗಿತ್ತೆಂದು ಮತ್ತೆ ಗುರುತಿಸಬೇಕಾಯಿತು.

ಎಐ ಸಹಾಯಕಗಳು ಬಂದದ್ದು ಈ ಹಿನ್ನೆಲೆಯಲ್ಲಿ. ಅಮೆರಿಕದ ವಾಲ್‌ಮಾರ್ಟ್ ಸಂಸ್ಥೆ 2020ರ ಹೊತ್ತಿಗೆ ತನ್ನ ಮಳಿಗೆಗಳ ನೌಕರರಿಗೆ ಆಸ್ಕ್ ಸ್ಯಾಮ್ ಎಂಬ ಧ್ವನಿ ಸಹಾಯಕವನ್ನು ಕೊಟ್ಟು, ಮರುವರ್ಷ 7,40,000 ಸ್ಮಾರ್ಟ್‌ಫೋನ್‌ಗಳನ್ನು ಹಂಚುವ ಯೋಜನೆ ಪ್ರಕಟಿಸಿತು. 2025ರಲ್ಲಿ 44 ಭಾಷೆಗಳ ಅನುವಾದ ಸೌಲಭ್ಯವನ್ನು ಸೇರಿಸಿತು. ಇಂಥ ತಂತ್ರಾಂಶದ ಸ್ಥಾಪನೆ ಬರಿಯ ಫೋನು ಹಂಚುವುದರಿಂದ ಮುಗಿಯುವುದಿಲ್ಲ. ಕೈಪಿಡಿಗಳನ್ನೂ ಲಾಗ್‌ಬುಕ್ಕುಗಳನ್ನೂ ಅದಕ್ಕೆ ಜೋಡಿಸಬೇಕು. ಯಾವ ಹುದ್ದೆಯವರು ಯಾವ ದಾಖಲೆಯನ್ನು ನೋಡಬಹುದೆಂದು ತೀರ್ಮಾನಿಸಬೇಕು. ಮೂರು ಪಾಳಿಗಳು ಒಂದೇ ಸಾಧನವನ್ನು ಬಳಸುವುದಾದರೆ ಹಿಂದಿನವರ ಖಾತೆ ತಾನಾಗಿ ಮುಚ್ಚಿಕೊಳ್ಳಬೇಕು. ಕೇಳಿದ ಪ್ರಶ್ನೆಗೆ ಹೊಂದುವ ಬರಹವನ್ನು ಸಂಸ್ಥೆಯ ದಾಖಲೆಗಳಲ್ಲಿ ಮೊದಲು ಹುಡುಕಿ, ಅದರ ಆಧಾರದ ಮೇಲೆ ಉತ್ತರ ರಚಿಸುವ ವಿಧಾನವೇ ಈಗ ಹೆಚ್ಚಾಗಿ ಬಳಕೆಯಲ್ಲಿದೆ. ಹೀಗಾಗಿ ಲಾಗ್‌ಬುಕ್ಕಿನಲ್ಲಿ "ಎಲ್ಲ ಸರಿ" ಎಂದಷ್ಟೇ ಬರೆದಿದ್ದರೆ, ಸಹಾಯಕವೂ ಆ ಮಾತನ್ನೇ ಸೊಗಸಾದ ವಾಕ್ಯಗಳಲ್ಲಿ ಮರಳಿ ಹೇಳುತ್ತದೆ. ಹಾಗೆ ಹೇಳಿದ್ದನ್ನು ಹೊಸ ಪಾಳಿಯವರು ಹೆಚ್ಚು ನಂಬುವ ಅಪಾಯವೂ ಇದೆ.

ಭಾರತದ ಒಂದು ಪ್ರಯೋಗ ಇಲ್ಲಿ ವಿಶೇಷ ಗಮನಕ್ಕೆ ಅರ್ಹವಾಗಿದೆ. ಮೈಕ್ರೋಸಾಫ್ಟ್‌ನ ಬೆಂಗಳೂರಿನ ಸಂಶೋಧನಾ ಕೇಂದ್ರ ಮತ್ತು ಖುಷಿ ಬೇಬಿ ಎಂಬ ಸಂಸ್ಥೆ ಸೇರಿ ರಾಜಸ್ಥಾನದ ಉದಯಪುರದಲ್ಲಿ ಆಶಾ ಕಾರ್ಯಕರ್ತೆಯರಿಗಾಗಿ ವಾಟ್ಸಾಪ್ ಮೂಲಕ ಕೆಲಸ ಮಾಡುವ ಆಶಾಬಾಟ್ ಎಂಬ ಸಹಾಯಕವನ್ನು ರೂಪಿಸಿವೆ. ಆಶಾ ಕಾರ್ಯಕರ್ತೆಯರು ಪಾಳಿಯಲ್ಲಿ ದುಡಿಯುವವರಲ್ಲವಾದರೂ ಅವರ ಸಮಸ್ಯೆ ಇದೇ ಜಾತಿಯದು: ಮನೆಮನೆಯ ಬಾಗಿಲಲ್ಲಿ ನಿಂತಾಗ ಕೇಳಲು ಹತ್ತಿರದಲ್ಲಿ ಯಾರೂ ಇರುವುದಿಲ್ಲ. ಪ್ರಶ್ನೆಯನ್ನು ಬರೆದೂ ಕೇಳಬಹುದು, ಹಿಂದಿಯಲ್ಲಿ ಮಾತಾಡಿಯೂ ಕೇಳಬಹುದು. ತನ್ನ ದಾಖಲೆಗಳಲ್ಲಿ ಉತ್ತರ ಇಲ್ಲದಿದ್ದರೆ ಈ ತಂತ್ರಾಂಶ ಊಹಿಸಲು ಹೋಗುವುದಿಲ್ಲ. ಪ್ರಶ್ನೆಯನ್ನು ಅನುಭವಿ ಎಎನ್‌ಎಂ ದಾದಿಯರಿಗೆ ಕಳಿಸಿ, ಅವರ ಉತ್ತರಗಳಿಂದ ಒಮ್ಮತದ ಉತ್ತರವನ್ನು ಹೊಂದಿಸಿ ಕೊಡುತ್ತದೆ. ಅನುಭವಿಗಳ ಅರಿವನ್ನು ಕೇಳಿ ಪಡೆಯುವ ಈ ಏರ್ಪಾಡು, ಹಾಜರಿ ಗಡಿಯಾರದ ಪರಂಪರೆಗಿಂತ ನೈಟಿಂಗೇಲ್‌ರ ಪರಂಪರೆಗೆ ಹತ್ತಿರವಾದದ್ದು, ಮತ್ತು ಇತರರು ಅನುಸರಿಸಬೇಕಾದ ಮಾದರಿಯೂ ಹೌದು.

ಆದರೆ ಇಂಥ ಮಾದರಿ ಫಲಿಸಲು ಕೆಲಸದ ಸ್ಥಿತಿಗತಿಯೂ ಒದಗಬೇಕು. ಕಾರ್ಖಾನೆಗಳ ಕಾಯ್ದೆಗೆ ಕರ್ನಾಟಕ 2023ರಲ್ಲಿ ತಂದ ತಿದ್ದುಪಡಿ, ವಾರದ 48 ಗಂಟೆಗಳ ಮಿತಿಯೊಳಗೆ ದಿನಕ್ಕೆ 12 ಗಂಟೆಯವರೆಗಿನ ಪಾಳಿಗೆ ಅವಕಾಶ ಮಾಡಿಕೊಟ್ಟಿತು. ಹನ್ನೆರಡು ಗಂಟೆ ದುಡಿದು ದಣಿದವರಿಂದ ಸಂಬಳವಿಲ್ಲದ ಹೊತ್ತಿನಲ್ಲಿ, ತಮ್ಮದಲ್ಲದ ಭಾಷೆಯಲ್ಲಿ, ವಿವರವಾದ ಟಿಪ್ಪಣಿಯನ್ನು ನಿರೀಕ್ಷಿಸುವಂತಿಲ್ಲ. ಕೇಳಿದ ಪ್ರಶ್ನೆಗಳೇ ಮುಂದೆ ತಮ್ಮ ಅಜ್ಞಾನದ ಪುರಾವೆಯಾಗಬಹುದೆಂಬ ಭಯವಿರುವ ಕಡೆ ಯಾರೂ ಸಹಾಯಕವನ್ನು ಮನಬಿಚ್ಚಿ ಕೇಳುವುದೂ ಇಲ್ಲ. ಆದ್ದರಿಂದ ಎಐ ಸಹಾಯಕವನ್ನು ಕೊಳ್ಳಲು ಹೊರಟಿರುವ ರಾಜ್ಯದ ಕಾರ್ಖಾನೆಗಳೂ ಆಸ್ಪತ್ರೆಗಳೂ ಮೊದಲು ಪಾಳಿಯ ಕೊನೆಯ ಹದಿನೈದು ನಿಮಿಷವನ್ನು ಸಂಬಳ ಸಹಿತ ಹ್ಯಾಂಡೋವರ್‌ಗೆ ಮೀಸಲಿಡಲಿ, ಕನ್ನಡದಲ್ಲಿ ಮಾತಾಡಿಯೇ ಟಿಪ್ಪಣಿ ದಾಖಲಿಸಲು ಅವಕಾಶ ಕೊಡಲಿ, ಆ ದಾಖಲೆಯನ್ನು ಶಿಸ್ತು ಕ್ರಮಕ್ಕೆ ಬಳಸುವುದಿಲ್ಲವೆಂದು ಕಾರ್ಮಿಕ ಸಂಘಗಳಿಗೆ ಬರೆದುಕೊಡಲಿ.